ಬಿಸಿಲಿಗೆ ಸುಟ್ಟ ಬೀಗರು

ಗಜೇಂದ್ರಗಡದಲ್ಲಿ ನನ್ನ ಕಾಟಕ್ಕೆ ಸಿಗದ ಮನುಷ್ಯ ಇನ್ನೂ ಹುಟ್ಟಿಲ್ಲ. ಆದರೂ ಒಳ್ಳೊಳ್ಳೆಯ ಚೇಷ್ಟೆಗಳನ್ನು ನಾನು ಎತ್ತಿಡುವುದು ನರಗುಂದದ ಬೀಗರಿಗೆ, ಅಂದರೆ ನನ್ನ ಸೊಸೆಯ ಅಪ್ಪನಿಗೆ. ಬೀಗರನ್ನು ಕಾಡದಿದ್ದರೆ ಉಪಚಾರ ಕಡಿಮೆಯಾಯಿತೆಂದು ಅವರೇ ಮುನಿಸಿಕೊಳ್ಳುತ್ತಾರೆ. ಮದುವೆಯ ಊಟದಲ್ಲಿ ಅವರ ಹೋಳಿಗೆಗೆ ಹೂರಣದ ಬದಲು ಹತ್ತಿ ತುಂಬಿಸಿದವನು ನಾನೇ.

ಅವರೇನು ಕಡಿಮೆಯವರಲ್ಲ. ಅವರದು ಹಾಲಿನಂಥ ಮೈಬಣ್ಣ, ನನ್ನದು ರೊಟ್ಟಿ ಹಂಚಿನ ತಳ. ಮೊಮ್ಮಗಳಿಗೆ ಬಂದದ್ದು ನನ್ನ ಬಣ್ಣ. ಬಂದಾಗಲೆಲ್ಲ ಬೀಗರು, “ಮೂಗು ನಮ್ದು, ಬಣ್ಣ ಅಷ್ಟ ನಿಮ್ದು ಬಂತ್ ನೋಡ್ರಿ” ಎನ್ನುತ್ತಾರೆ. ಚುಚ್ಚುವುದು ನನ್ನನ್ನು. ಚುಚ್ಚಿಸಿಕೊಳ್ಳುತ್ತಿದ್ದವಳು ಹುಡುಗಿ ಎಂಬುದು ನನಗೆ ಗೊತ್ತಾದದ್ದು ಅವಳ ಕಂಪ್ಯೂಟರ್ ಆಟದಿಂದ.

ಕತ್ತಿ, ಮಾಟ, ಬೆಂಕಿಯುಗುಳುವ ಹಾವು ಇರುವ ಆಟವದು. ಆಡುವ ಮೊದಲು ನಮ್ಮ ವೇಷವನ್ನು ನಾವೇ ಮಾಡಿಕೊಳ್ಳಬೇಕು. ಮೂಗು, ಮೀಸೆ, ಬಣ್ಣ ಎಲ್ಲ ಆರಿಸಬೇಕು. ಉದ್ದ ಕಿವಿಯವರು, ಕುಳ್ಳರು, ರಾಕ್ಷಸರು, ಹೀಗೆ ಯಾವ ಜಾತಿ ಎಂದೂ ಕೇಳುತ್ತದೆ, ಥೇಟ್ ನಮ್ಮೂರಿನ ಹಾಗೆ. ಒಂದು ದಿನ ಪರದೆಯ ಮೇಲೆ ಬೆಳ್ಳನೆಯ ರಾಣಿಯೊಬ್ಬಳು ನಿಂತಿದ್ದಳು.

“ಇಕಿ ಯಾರವಾ?”

“ನಾನ, ಅಜ್ಜಾ.”

“ನೀನಾ? ಸುಣ್ಣದ ಡಬ್ಬ್ಯಾಗ ಬಿದ್ದೀಯೇನ?”

“ಇದರಾಗ ಕಪ್ಪಗಿದ್ದಾವರು ಬರೇ ಕಳ್ಳರು, ಇಲ್ಲಾ ರಾಕ್ಷಸರು. ರಾಣಿ ಅಂದ್ರ ಬೆಳ್ಳಗ ಇರಬೇಕಜ್ಜಾ.”

ನನಗೆ ನಗು ಬರಲಿಲ್ಲ. ಇವಳನ್ನು ಇವಳ ಬಣ್ಣದಲ್ಲೇ ರಾಣಿ ಮಾಡದಿದ್ದರೆ ನಾನು ಎಂಥ ಅಜ್ಜ?

“ಮೊದಲ ನನ್ನ ಮಾಡು,” ಎಂದೆ.

ಮಾಡಿದಳು. ಹಂಚಿನ ಬಣ್ಣ ಸಿಕ್ಕಿತು, ಬಿಳಿ ಮೀಸೆಯೂ ಸಿಕ್ಕಿತು. ರುಮಾಲು ಮಾತ್ರ ಇರಲಿಲ್ಲ. ಆದರೆ ಮುಖಕ್ಕೆ ಬಳಿಯುವ ಬಣ್ಣಗಳಲ್ಲಿ ಹಣೆಗೆ ಮೂರು ಬಿಳಿ ಗೆರೆ ಕಂಡು ನಾನು ಎದ್ದು ಕೂತೆ.

“ಇಭೂತಿ! ಹಚ್ಚವಾ ಅದನ್ನ!”

ಹೀಗೆ ಮಡಿಯಾಗಿ ಆಟದೊಳಗಿನ ಊರ ಬಾಗಿಲಿಗೆ ಹೋದರೆ ಕಾವಲುಗಾರ ಕತ್ತಿ ಎಳೆದು ಕಿರುಚಿದ.

“ಏನಂತಾನವಾ?”

“ಅದು ಕಾಡಜನ ಯುದ್ಧಕ್ಕ ಹೊಂಟಾಗ ಬಳಕೊಳ್ಳೂ ಬಣ್ಣಂತ. ನಿನ್ನ ಕಾಡಮನಷ್ಯಾ ಅಂತ ತಿಳದಾನ.”

“ಪೂಜಿ ಮುಗಿಸಿ ಬಂದಾವನ್ನ ಕಾಡಮನಷ್ಯಾ ಅಂತಾನ?”

ಅಷ್ಟರಲ್ಲಿ ಅವನು ನನ್ನನ್ನು ಕಡಿದು ಹಾಕಿದ. ಇರಲಿ. ಅದೇ ಆಟದಲ್ಲಿ ಬೀಗರಿಗೆ ಬೇಕಾದ ಸಾಮಾನೂ ನನಗೆ ಸಿಕ್ಕಿತ್ತು.

ಮುಂದಿನ ಭಾನುವಾರ ಬೀಗರು ರೋಣದಲ್ಲಿ ಬಸ್ಸು ಬದಲಿಸಿ ಬಂದರು. ಪರದೆಯ ಮೇಲೆ ನನ್ನ ವೇಷ ನೋಡಿದವರೇ, “ನನ್ನೂ ಮಾಡ್ರಿ ಮತ್ತ,” ಎಂದರು. ನಾನು ಮೊಮ್ಮಗಳಿಗೆ ಕಣ್ಣು ಮಿಟುಕಿಸಿ, ಮೌಸ್ ಹಿಡಿದು ಬಣ್ಣವನ್ನು ಬಿಳುಪಿನ ಕಡೆಗೆ ಎಳೆಯುತ್ತ ಹೋದೆ.

“ಇನ್ನೂ ಬೆಳ್ಳಗ ಮಾಡ್ರಿ. ನಾ ಏನ್ ಇಷ್ಟ ಕಪ್ಪ ಅದೀನೇನ?”

ಮನುಷ್ಯರ ಬಣ್ಣ ಮುಗಿಯಿತು. ಅದಕ್ಕಿಂತ ಬಿಳುಪು ಇರುವುದು ರಕ್ತ ಕುಡಿಯುವ ಪಿಶಾಚಿಗಳ ಜಾತಿಗೆ ಮಾತ್ರ. ಅದನ್ನೇ ಒತ್ತಿದೆ. ಎಲೆಅಡಿಕೆ ಹಾಕಿದಂಥ ಕೆಂಪು ತುಟಿಯೂ ಜೊತೆಗೇ ಬಂತು. ಬೀಗರು ಹಿಗ್ಗಿದರು. ಆಟದಲ್ಲಿ ಬೆಳಗಾಯಿತು. ಆ ಜಾತಿಯವರು ಇರುವ ಗುಹೆಯಿಂದ ಬೀಗರು ಗತ್ತಿನಲ್ಲಿ ಹೊರಗೆ ಕಾಲಿಟ್ಟರು. ಮೈಯಿಂದ ಹೊಗೆ ಎದ್ದಿತು.

“ಏನಾತ್ರೀ? ನನಗ್ಯಾಕ ಬೆಂಕಿ ಹತ್ತಿತು?”

“ಈ ಬಣ್ಣಕ್ಕ ಬಿಸಲ ಆಗಂಗಿಲ್ರಿ ಬೀಗರ.”

“ಲಗೂ ನೆರಳಿಗೆ ಒಯ್ರಿ! ಯವ್ವಾ, ನನ್ನ ಕಪ್ಪ ಮಾಡವಾ! ಭಾಳ ಕಪ್ಪ ಮಾಡ!”

“ಎಷ್ಟ ಕಪ್ಪ, ಅಜ್ಜಾ?” ಎಂದಳು ಮೊಮ್ಮಗಳು.

“ನಿನ್ನಷ್ಟ ಮಾಡ! ಬೇಕಾರ ನಿಮ್ಮ ಅಜ್ಜನಷ್ಟ ಮಾಡ!”

ಬೀಗರು ಬೂದಿಯಾದರು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಮೆಲ್ಲಗೆ ಅವರನ್ನೇ ಕೇಳಿದಳು:

“ಅಂದ್ರ ನನ್ನ ಬಣ್ಣ ಚಲೋ ಐತೇನಜ್ಜಾ?”

ಬೀಗರು ಟವೆಲ್ಲಿನಿಂದ ಖರೇ ಬೆವರು ಒರೆಸಿಕೊಂಡರು. ಅವಳ ಮುಖ ನೋಡಿದರು.

“ಚಲೋ ಐತವಾ. ಬಿಸಲಿಗೆ ನಿಲ್ಲೂ ಬಣ್ಣ ಅದು.”

ಅವಳು ಬಿಳಿ ರಾಣಿಯನ್ನು ಅಳಿಸಿ, ತನ್ನದೇ ಬಣ್ಣದ ಇನ್ನೊಬ್ಬಳನ್ನು ಮಾಡಿದಳು. ಹಣೆಗೆ ಮೂರು ಗೆರೆ ಎಳೆದಳು. ಸೀದಾ ಊರ ಬಾಗಿಲಿಗೆ ಹೋಗಿ, “ನಮ್ಮ ಅಜ್ಜನ್ನ ಕಾಡಮನಷ್ಯಾ ಅಂತೀಯೇನಲೇ?” ಎನ್ನುತ್ತ ಆ ಕಾವಲುಗಾರನನ್ನು ಒಂದೇ ಏಟಿಗೆ ಉರುಳಿಸಿದಳು.

“ಮೂಗು ನೋಡ್ರಿ ಬೀಗರ, ಮೂಗು!” ಬೀಗರು ಕುರ್ಚಿಯಿಂದ ಜಿಗಿದೆದ್ದರು. “ನಮ್ದ ಅದು!”

“ಹೌದ್ರಿ,” ಎಂದೆ. “ಮೊದಲ ಬೂದಿ ಝಾಡಿಸಿಕೊಳ್ರಿ.”