ಸ್ವೀಡನ್ನಿನ ನಟನೂ ಮತ್ತಿಕೆರೆಯ ವಠಾರವೂ

ನನ್ನ ತಲೆ ಕೆಡಿಸಿದವನು ಸ್ವೀಡನ್ ದೇಶದ ಒಬ್ಬ ನಟ. ಅರವತ್ತರ ದಶಕದ ನಡುವೆ, ಪೇಟೆ ಕಡೆಯ ಒಂದು ಫಿಲ್ಮ್ ಸೊಸೈಟಿಯಲ್ಲಿ ಅವನ ಸಿನಿಮಾ ನೋಡಿದೆ. ಉದ್ದ ಮುಖ, ತೆಳು ತುಟಿ. ಕೆಟ್ಟ ಸುದ್ದಿ ಕೇಳಿ ಅವನು ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ, ಸುಮ್ಮನೆ ನಿಂತ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಚಳಿಗಾಲವೆಲ್ಲ ರಂಗದ ಮೇಲೆ, ಬೇಸಿಗೆ ಬಂದರೆ ಕ್ಯಾಮೆರಾ ಮುಂದೆ, ದೊಡ್ಡ ಹೆಸರು ಬಂದ ಮೇಲೂ ನಾಟಕ ಬಿಟ್ಟವನಲ್ಲ ಎಂದು ಸೊಸೈಟಿಯವರು ಅವನ ಬಗ್ಗೆ ಹೇಳಿದರು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿ, ವರ್ಷಕ್ಕೊಂದು ನಾಟಕ ಆಡುತ್ತಿದ್ದ ನಾನು ಇದೇ ನನ್ನ ದಾರಿ ಎಂದು ತೀರ್ಮಾನಿಸಿಬಿಟ್ಟೆ.

ಆ ವರ್ಷದ ನಾಟಕ ನೋಡಲು ಸಿನಿಮಾ ನಿರ್ದೇಶಕರೊಬ್ಬರು ಬರುತ್ತಾರೆಂದು ನಮಗೆ ನಾಟಕ ಕಲಿಸುತ್ತಿದ್ದ ಮೇಷ್ಟ್ರು ಹೇಳಿದರು. ಅವರ ಮುಂದಿನ ಸಿನಿಮಾದಲ್ಲಿ ತಂದೆಯ ಪಾತ್ರಕ್ಕೆ ಹೊಸ ಮುಖ ಬೇಕಿತ್ತಂತೆ. ನಾಟಕದಲ್ಲೂ ನನ್ನದು ತಂದೆಯ ಪಾತ್ರವೇ. ಮಗ ಸತ್ತ ಸುದ್ದಿ ಬರುತ್ತದೆ, ತಂದೆ ನಂಬುವುದಿಲ್ಲ, “ಬಾಗಿಲು ಮುಚ್ಚಬೇಡಿ. ಅವನು ಬಂದೇ ಬರುತ್ತಾನೆ” ಎನ್ನುತ್ತಾನೆ. ಸುದ್ದಿ ಕೇಳಿದ ತಕ್ಷಣ ಗುಡುಗಬೇಕು ಎಂದು ಮೇಷ್ಟ್ರ ತಾಕೀತು. ನಾನು ತಲೆಯಾಡಿಸಿದರೂ ಒಳಗೊಳಗೇ ಬೇರೆ ಹಂಚಿಕೆ ಹಾಕಿದ್ದೆ. ಮೊದಲು ಸುಮ್ಮನೆ ನಿಲ್ಲಬೇಕು, ಜನ ಉಸಿರು ಬಿಗಿಹಿಡಿಯುವಷ್ಟು ಹೊತ್ತು. ಆಮೇಲೆ ಮೆಲ್ಲಗೆ ಹೇಳಬೇಕು. ಇದನ್ನು ಮೇಷ್ಟ್ರಿಗೆ ಹೇಳಿದ್ದರೆ ಪಾತ್ರವೇ ಕೈತಪ್ಪುತ್ತಿತ್ತು.

ನಾನಿದ್ದದ್ದು ಮತ್ತಿಕೆರೆಯ ಒಂದು ವಠಾರದಲ್ಲಿ. ಸುಮ್ಮನಿರುವುದಕ್ಕೆ ತಾಲೀಮು ಬೇಡವಲ್ಲ, ಹಾಗಾಗಿ ಅಲ್ಲಿ ಮಾತುಗಳನ್ನಷ್ಟೇ ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಮಕ್ಕಳಿಗೂ ಬಾಯಿಪಾಠವಾಗಿತ್ತು. ವಠಾರದ ಒಡತಿ, ಅದೇ ಊರಿನ ಹಳೇ ಒಕ್ಕಲು ಮನೆತನದ ವಿಧವೆ, ಜಗುಲಿಯ ಮೇಲೆ ರಾಗಿ ಕೇರುತ್ತ ಕೇಳಿಸಿಕೊಳ್ಳುತ್ತಿದ್ದರು. ಅವರ ಒಬ್ಬನೇ ಮಗ ಸೈನ್ಯ ಸೇರಿದ್ದ. ಯುದ್ಧ ಮುಗಿದ ಮೇಲೆ ಅವನ ಸುದ್ದಿಯೇ ಇರಲಿಲ್ಲ. ಅವರು ರಾತ್ರಿ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಕಳ್ಳಕಾಕರ ಕಾಲ ಎಂದು ಬುದ್ಧಿ ಹೇಳಿದ ಬಾಡಿಗೆಯವರೊಬ್ಬರಿಗೆ ಮನೆ ಖಾಲಿ ಮಾಡಿ ಎಂದಿದ್ದರು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ನಾಟಕದ ಸಂಜೆ ಕಾರ್ಖಾನೆಯ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ನಿರ್ದೇಶಕರು, ಕಾಲ ಮೇಲೆ ಕಾಲು ಹಾಕಿ. ಅವರ ಹಿಂದೆಯೇ ನಮ್ಮ ವಠಾರ. ಸುದ್ದಿ ತಂದವನು ಮಾತು ಮುಗಿಸಿ ಪಕ್ಕಕ್ಕೆ ಸರಿದ. ನಾನು ಸುಮ್ಮನಾದೆ.

ನನ್ನ ಮಾತಿಗೆ ಕಾದಿದ್ದ ಹಾರ್ಮೋನಿಯಂ ಕೊಂಯ್ ಎಂದು ನಿಂತಿತು. ಪರದೆಯ ಮರೆಯಿಂದ ಮೇಷ್ಟ್ರು “ಬಾಗಿಲು, ಬಾಗಿಲು” ಎಂದು ಪಿಸುಗುಟ್ಟಿದರು. ನಾನು ಅಲುಗಲಿಲ್ಲ. ನಿರ್ದೇಶಕರು ಕಾಲು ಇಳಿಸಿ ಮುಂದಕ್ಕೆ ಬಾಗಿದರು. ಗೆದ್ದೆ, ಇನ್ನೊಂದು ಚೂರು ತಡೆದರೆ ಸಾಕು ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಶಿಳ್ಳೆ ಬಿತ್ತು. ವಠಾರದವರ ಮುಖದಲ್ಲಿ ಗಾಬರಿ. ನಾನು ಮಾತು ಮರೆತೆ, ನನ್ನ ಮಾನ ಹೋಯಿತು ಎಂದೇ ಅವರು ತಿಳಿದಿದ್ದರು. ಒಡತಿ ಎದ್ದು ನಿಂತರು.

“ಬಾಗ್ಲು ಆಕ್ಬ್ಯಾಡಿ,” ಎಂದರು.

ಶುರು ಮಾಡಿದ್ದು ನನಗೆ ಹೇಳಿಕೊಡಲೆಂದೇ. ಮುಂದಿನ ಮಾತು ಬರುವಷ್ಟರಲ್ಲಿ ಅವರು ನನ್ನ ಕಡೆ ನೋಡುತ್ತಿರಲಿಲ್ಲ.

“ಬತ್ತಾನೆ ಅವ್ನು. ಬಂದೇ ಬತ್ತಾನೆ.”

ಶಿಳ್ಳೆ ನಿಂತುಹೋಯಿತು. ನಿರ್ದೇಶಕರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಅವರನ್ನು ನೋಡುತ್ತಿದ್ದರು. ಪಕ್ಕದ ಹೆಂಗಸು ಸೆರಗು ಹಿಡಿದು ಎಳೆದಾಗ ಒಡತಿ ಕೂತರು. ಆಮೇಲೆ ನಾನೂ ಅದೇ ಮಾತು ಹೇಳಿದೆ, ಸ್ಕೂಲಿನಲ್ಲಿ ಪಾಠ ಒಪ್ಪಿಸಿದ ಹಾಗೆ.

ನಾಟಕ ಮುಗಿದ ಮೇಲೆ ನಿರ್ದೇಶಕರು ಒಳಗೆ ಬಂದರು. ಒಳ್ಳೆಯ ಮನುಷ್ಯ, ಸುತ್ತಿಬಳಸಲಿಲ್ಲ.

“ನೀವು ಸುಮ್ನೆ ನಿಂತಾಗ ನಿಮ್ಮನ್ನೇ ತಗೊಳ್ಳೋಣ ಅಂದ್ಕೊಂಡಿದ್ದೆ ಕಣ್ರೀ. ಆ ಅಮ್ಮ ಮಾತಾಡಿದ್ಮೇಲೆ, ನಿಮ್ದು ಬರೀ ನಟನೆ ಅಂತ ಗೊತ್ತಾಗೋಯ್ತು.”

ಯಶವಂತಪುರದಿಂದ ಮತ್ತಿಕೆರೆಯವರೆಗೆ ಹಲ್ಲು ಕಡಿಯುತ್ತಲೇ ನಡೆದೆ. ಸಿನಿಮಾ ಹೋಯಿತು. ಇನ್ನೊಬ್ಬ ನಿರ್ದೇಶಕ ನಮ್ಮ ಕಾರ್ಖಾನೆಗೆ ಬರುವ ಮಾತೇ ಇರಲಿಲ್ಲ. ಬೆಳಗಾಗಲಿ, ಅದು ಮರೆವಲ್ಲ, ಅಭಿನಯ, ನಿಮ್ಮಿಂದ ನನ್ನ ಬದುಕೇ ಹಾಳಾಯಿತು ಎಂದು ಒಡತಿಗೆ ಮುಖಕ್ಕೆ ಹೊಡೆದಂತೆ ಹೇಳಬೇಕೆಂದಿದ್ದೆ.

ಬೆಳಿಗ್ಗೆ ಅವರೇ ಕಾಫಿ ಲೋಟ ಹಿಡಿದು ಬಂದರು. ನಲ್ಲಿಯ ಹತ್ತಿರ ಇದ್ದ ಹೆಂಗಸರು ಅವರನ್ನು ನೋಡಿ ಮಾತು ನಿಲ್ಲಿಸಿದರು. ಅದು ಅವರ ಗಮನಕ್ಕೂ ಬಂತು. ಲೋಟವನ್ನು ನನ್ನ ಕೈಗಿತ್ತರು.

“ನೀನು ಮರ್ತಿದ್ದೆ ಅಂತ ತಾನೇ ನಾನು ಎದ್ದಿದ್ದು,” ಎಂದರು, ಎಲ್ಲರಿಗೂ ಕೇಳುವ ಹಾಗೆ. “ನಾನು ಏಳ್ಕೊಡ್ದೆ ಇದ್ದಿದ್ರೆ ಏನ್ ಗತಿ ಆಗ್ತಿತ್ತಪ್ಪಾ?”

ಹೇಳಬೇಕೆಂದಿದ್ದ ಮಾತೆಲ್ಲ ಸಿದ್ಧವಾಗಿಯೇ ಇತ್ತು. ಅವರ ಹಿಂದೆ, ರಾತ್ರಿ ಚಿಲಕ ಹಾಕದ ಆ ಬಾಗಿಲು.

“ಪೂರ್ತಿ ಮರ್ತೋಗಿತ್ತಮ್ಮ,” ಎಂದೆ. “ನೀವಿದ್ದಿದ್ದಕ್ಕೆ ಮಾನ ಉಳೀತು.”

ಅವರು ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ.

ನಂಬಿದರು.