ಬಾಳವ್ವನ ಮಳೆಗೆ ಬಳಿದ ಮಸಿ

ನಮ್ಮ ಪ್ರಲ್ಹಾದ ಕಾಕಾಗೆ ಓದುವ ಹುಚ್ಚು. ಧಾರವಾಡದಿಂದ ಪುಣೆಗೆ ಬಂದು ಸದಾಶಿವ ಪೇಟೆಯ ವಾಡೆಯಲ್ಲಿ ಸಂಸಾರ ಹೂಡಿದ ಮೇಲೂ, ಭಜಿ ಕಟ್ಟಿಕೊಟ್ಟ ಕಾಗದವನ್ನು ಎಣ್ಣೆ ಒರೆಸಿ ಓದದೆ ಬಿಸಾಡಿದವರಲ್ಲ. ಹಾಗಾಗಿ ೧೯೪೩ರಲ್ಲಿ, ಪರದೇಶದಲ್ಲಿ ಯುದ್ಧಕ್ಕೆ ಹೋಗಿದ್ದ ಸಿಪಾಯಿಗಳ ಮತ್ತು ಅವರ ಮನೆಯವರ ಕನ್ನಡ ಕಾಗದಗಳನ್ನು ತಪಾಸು ಮಾಡುವ ಕೆಲಸ ಪುಣೆ ಕ್ಯಾಂಪಿನ ಒಂದು ದಂಡಿನ ಕಚೇರಿಯಲ್ಲಿ ಸಿಕ್ಕಾಗ ಹಿರಿಹಿರಿ ಹಿಗ್ಗಿದರು. ಓದಿದ್ದಕ್ಕೆ ಸರಕಾರವೇ ಪಗಾರ ಕೊಡುತ್ತದೆಂದರೆ ಇನ್ನೇನು ಬೇಕು?

ನಿಯಮ ಮಾತ್ರ ಕಟ್ಟುನಿಟ್ಟು. ಮಳೆ, ಬೆಳೆ, ರೈಲು, ದಂಡಿನ ಸುದ್ದಿ ಇದ್ದರೆ, ವೈರಿಗೆ ಸುಳಿವು ಸಿಗಬಾರದೆಂದು, ಮಸಿ ಬಳಿಯಬೇಕು. ತಪಾಸಣೆ ನಡೆಯುತ್ತದೆಂಬ ಮಾತೂ ಕಾಗದದಲ್ಲಿ ಬರಕೂಡದು.

ಬೆಳಗಾವಿ ಕಡೆಯ ಬಾಳವ್ವ ಎಂಬಾಕೆ ತನ್ನ ಗಂಡ, ಸಿಪಾಯಿ ಮುರುಗೆಪ್ಪನಿಗೆ ಹದಿನೈದು ದಿನಕ್ಕೊಮ್ಮೆ ಬರೆಯುತ್ತಿದ್ದಳು. ಕಲಿತದ್ದು ನಾಲ್ಕನೆಯ ಇಯತ್ತೆ, ಆದರೆ ಕಣ್ಣು ಎಂಥದು ಅಂತೀರಿ. "ನಿಮ್ಮ ಅಂಗಿ ಒಗದು ಹಗ್ಗದ ಮ್ಯಾಲ ಹಾಕಿದ್ದೆ. ಮೊದಲ ಹನಿ ಅದರ ಹೆಗಲಿನ ಮ್ಯಾಲ ಬಿತ್ತು. ತೆಗೀಲಿಲ್ಲ. ನಿಮ್ಮ ಹೆಗಲೂ ಒಂಚೂರು ತೊಯ್ಯಲಿ ಅಂತ ಬಿಟ್ಟೆ."

ಇಂಥ ಸಾಲನ್ನು ಕಾಕಾ ನಾಲ್ಕು ಸಲ ಓದಿ, ಬಾಯಿಪಾಠ ಮಾಡಿಕೊಂಡು, ಆಮೇಲೆ ಮಸಿ ಬಳಿಯುತ್ತಿದ್ದರು. ಸಂಜೆ ಚಹಾದ ಹೊತ್ತಿಗೆ ಮನೆಯವರಿಗೆಲ್ಲ ಹೇಳಿ ತೋರಿಸುತ್ತಿದ್ದರು. ಅವರು ಹೇಳಬಾರದಿತ್ತು, ನಾವು ಕೇಳಬಾರದಿತ್ತು. ಬಾಳವ್ವನ ಮಳೆ ಮುರುಗೆಪ್ಪನೊಬ್ಬನನ್ನು ಬಿಟ್ಟು ನಮಗೆಲ್ಲ ಸಿಕ್ಕಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ಮುರುಗೆಪ್ಪನ ಉತ್ತರವೂ ಕಾಕಾನ ಮೇಜಿಗೆ ಬಂತು. "ಉಳಿದವರ ಕಾಗದ ಸ್ವಚ್ಛ ಬರತಾವ. ನಿಂದು ಅರ್ಧ ಕರೇದು. ಬರದು ಯಾಕ ಅಳಸ್ತಿ? ನನ್ನ ಮುಂದ ಏನ ಮುಚ್ಚಾಕತ್ತಿ?" ಉಳಿದವರ ಮನೆಯಲ್ಲಿ ಮಳೆಯನ್ನು ಹಾಗೆ ನೋಡುವವರು ಇರಲಿಲ್ಲ, ಅಷ್ಟೇ. ಕಾಗದದಲ್ಲಿ ನಿಯಮ ಮೀರಿದ್ದೇನೂ ಇಲ್ಲವೆಂದು ಕಾಕಾ ಅದನ್ನು ಮುಂದಕ್ಕೆ ಕಳಿಸಿದರು.

ಮನೆಯಲ್ಲಿ ಕಾಕಾನ ಹೆಂಡತಿ ಉಮಾವತಿ ಕಾಕು ಸುಮ್ಮನಿರಲಿಲ್ಲ. "ಆಕಿಗೆ ಒಂದ ಸಾಲು ಬರೀರಿ. ಮಳಿ ಸುದ್ದಿ ಬರೀಬ್ಯಾಡವ್ವಾ ಅಂತ. ಅಷ್ಟ ಸಾಕು."

"ಗುಟ್ಟು ಹೊರಗ ಬಿಡೂದಿಲ್ಲಂತ ಸಹಿ ಮಾಡಿ ಕೊಟ್ಟೀನಿ. ಸಿಕ್ಕಿಬಿದ್ದರ ಜೇಲು," ಅಂದರು ಕಾಕಾ. ಬರೆಯಲಿಲ್ಲ.

ಬಾಳವ್ವನೇ ಗಂಡನಿಗೆ ಬರೆದಳು. "ಆಣಿ ಮಾಡಿ ಹೇಳತೀನಿ, ನಾ ಏನೂ ಅಳಿಸಿಲ್ಲ. ಯಾರೋ ನಡುವ ಅಳಿಸ್ಯಾರ." ಅದು ತಪಾಸಣೆಯ ಮಾತು. ಕಾಕಾ ಅದಕ್ಕೂ ಮಸಿ ಬಳಿದರು. ಅಂದಿನಿಂದ ಭಜಿಯ ಕಾಗದವನ್ನು ಓದದೆ ಒಲೆಗೆ ಹಾಕತೊಡಗಿದರು. ಬಾಳವ್ವನ ಕಾಗದಗಳಲ್ಲೂ "ಎಲ್ಲಾರೂ ಆರಾಮ ಅದೀವಿ" ಎಂಬುದೊಂದೇ ಸಾಲು ಉಳಿಯಿತು. ಅವಳ ಕಾಗದಕ್ಕೆ ಕುಂಚ ಎತ್ತುವ ಕೆಲಸವೇ ಬೀಳಲಿಲ್ಲ.

ಮರುವರ್ಷದ ಶ್ರಾವಣದಲ್ಲಿ ಮುರುಗೆಪ್ಪನ ಅಣ್ಣ ಅವನಿಗೆ ಬರೆದ ಕಾಗದ ಬಂತು. ಎರಡೇ ಸಾಲು. "ನೀ ಹೇಳಿದಂಗ ಆಕಿನ್ನ ತವರಿಗೆ ಅಟ್ಟೇವಿ. ಈ ಸಲ ಮಳಿ ಚೊಲೋ ಆಗೇದ."

ಮೊದಲ ಸಾಲಿನಲ್ಲಿ ನಿಯಮ ಮೀರಿದ್ದೇನೂ ಇರಲಿಲ್ಲ. ಕಾಕಾ ಎರಡನೆಯದಕ್ಕೆ ಮಸಿ ಬಳಿದು ಲಕೋಟೆ ಅಂಟಿಸಿದರು.