ಹೆಬ್ಬೆರಳಿನ ಸುದ್ದಿ

ಮಹಡಿ ಮನೆಯ ಪಲ್ಟಿ ಮಾವ ಮೂವತ್ತು ವರ್ಷದಿಂದ ನಾಟಕದಲ್ಲಿ ಬಿದ್ದೇ ಬದುಕಿದವರು. ರಂಗದ ಮೇಲೆ ಏಣಿಯ ತುದಿಯಿಂದ ಲಾಗ ಹಾಕುವವರು ಮನೆ ಮೆಟ್ಟಿಲನ್ನು ಮಾತ್ರ ಕಂಬಿ ಹಿಡಿದು ಇಳಿಯುತ್ತಾರೆ: "ಟಿಕೆಟ್ ಇಲ್ದೆ ನಾನು ಬೀಳಲ್ಲಪ್ಪ." ಮೀಸೆ ಮಣ್ಣಾಯಿತೆಂದು ಯಾರಾದರೂ ಕಿಚಾಯಿಸಿದರೆ, "ಅಂಟಿಸಿದ್ದು ಕಣಯ್ಯಾ, ತೊಳೆದು ಒಣಗಹಾಕ್ತೀನಿ" ಎನ್ನುತ್ತಾರೆ. ಊರವರ ಹರಿದ ಬಟ್ಟೆಯನ್ನೆಲ್ಲ ಹೊಲಿಯುವ ಅವರ ಹೆಂಡತಿ, ನಮ್ಮ ಅತ್ತೆ, ಗಂಡನ ಎಡಗಾಲುಚೀಲದ ತೂತನ್ನು ಮಾತ್ರ ಮುಟ್ಟುವುದಿಲ್ಲ. ಮಾವ ದೊಪ್ಪನೆ ಬಿದ್ದೊಡನೆ ಆ ತೂತಿನಿಂದ ಹೆಬ್ಬೆರಳು ಎರಡು ಸಲ ಕುಣಿಯುತ್ತದೆ. ಜನ ಹೊಟ್ಟೆ ಹಿಡಿದು ನಗುತ್ತಾರೆ. ಬೆರಳಿನ ಆ ಕುಣಿತ ಮೂರನೇ ಸಾಲಿನಲ್ಲಿ ಉಸಿರು ಬಿಗಿಹಿಡಿದು ಕೂತ ಅತ್ತೆಗೆ, ಪೆಟ್ಟಾಗಿಲ್ಲ ಎಂಬ ಸುದ್ದಿ. "ಬೀಳುವಾಗ ಮಾವನ ಮುಖ ನೋಡಿದ್ರೇ ನಗು ಬರುತ್ತೆ, ಅಲ್ವಾ ಅತ್ತೆ?" ಎಂದು ಒಮ್ಮೆ ಕೇಳಿದೆ. "ಹೌದಂತೆ, ಎಲ್ಲರೂ ಹೇಳ್ತಾರೆ" ಎಂದರು. "ನಾನು ಕಾಲಿನ ಮೇಲಿಂದ ಕಣ್ಣು ತೆಗೆದಿದ್ರೆ ತಾನೇ?"